ಪೂರ್ವಕ್ಕೆ ತಿರುಗಿಸಿದ ಹಲಗೆ

ಗ್ಯಾರೇಜಿನ ಬಾಗಿಲು ಗರಗರ ಇಳಿಯುತ್ತಿದೆ, ಕಾರಿನ ಸದ್ದು ಬೀದಿ ತಿರುವಿಗೆ ಹೋಯಿತು, ಕರ್ಪೂರದ ವಾಸನೆ ಇನ್ನೂ ಅಂಗೈಯಲ್ಲಿದೆ — ಹೊರಟರು ನನ್ನ ಯಜಮಾನರು, ಮೊದಲ ಸಲ ಮನೆಯಲ್ಲೇ ಕೂತು ತುಂಬಿದ ಗುಂಡುಗಳನ್ನು ಶೂಟಿಂಗ್ ರೇಂಜಿನಲ್ಲಿ ಹಾರಿಸಿ ನೋಡಲು, ಹೋಗಿ ಬರ್ರಿ ಅಂತ ಹಣೆಗೆ ಕುಂಕುಮ ಇಟ್ಟವಳು ನಾನೇ, ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ, ಆ ಕೇಸನ್ನು ಎಸೆಯಬಾರದು, ತೊಳೆದು ಮದ್ದು ಹಾಕಿ ಹೊಸ ಗುಂಡು ಕೂರಿಸಬಹುದು ಎಂದು ರೈಫಲ್ ಕ್ಲಬ್ಬಿನ ಮೂರ್ತಿ ಅಂಕಲ್ ಕಲಿಸಿದ್ದು ಈ ಕ್ಲೈಡ್ ನಾರ್ತಿನ ಮನೆಯಲ್ಲೇ, ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ, ಇವರು ಖಾಲಿ ಕೇಸೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು — ನಮ್ಮ ಮನಿಯಾಕಿಗಿಂತ ಇದ ಛಲೋ ನೋಡ್ರಿ ಅಂಕಲ್, ಖಾಲಿ ಆದ್ರೂ ಮತ್ತ ತುಂಬತದ — ಅಂಕಲ್ ನಕ್ಕರು, ಆಮೇಲೆ ಕೆಮ್ಮಿದರು, ನಾನೂ ನಕ್ಕೆ, ತುಪ್ಪ ಒಂದು ಹನಿಯೂ ಚೆಲ್ಲಲಿಲ್ಲ, ಈ ಮನೆಗೆ ಬರುವ ಮೊದಲಿನ ಸಿಡ್ನಿಯ ಆಸ್ಪತ್ರೆ, ಎಪ್ಪಿಂಗಿನ ಫ್ಲ್ಯಾಟಿನಲ್ಲಿದ್ದಾಗ ಕಳೆದುಕೊಂಡ ಕೂಸು, ಬಿಳಿ ಟವೆಲ್ಲು, ಇನ್ನು ಮಕ್ಕಳಾಗುವುದಿಲ್ಲ ಎಂದ ಡಾಕ್ಟರಮ್ಮ ನನ್ನ ಕೈ ಹಿಡಿದಿದ್ದಳು, ಇವರು ಪಾರ್ಕಿಂಗ್ ಟಿಕೆಟ್ ಹುಡುಕುತ್ತಿದ್ದರು —

ತಾಯಿ ಬನಶಂಕರಿ, ನಿನಗೆ ತಿಳಿಯದ್ದೇನಿದೆ, ನಿನ್ನೆ ಗುಂಡು ತುಂಬುತ್ತಿದ್ದ ಇವರನ್ನು ಆಯುಧಪೂಜೆಗೆ ಕರೆದದ್ದು ಕೆಟ್ಟ ಮನಸ್ಸಿನಿಂದಲ್ಲ, ತುಂಬೋವಾಗ ಮಧ್ಯದಲ್ಲಿ ಏಳಬೇಡ ಕಣಪ್ಪಾ, ಒಂದಕ್ಕೇ ಎರಡು ಸಲ ಮದ್ದು ಬಿದ್ರೆ ರೈಫಲ್ಲು ಮುಖದ ಮೇಲೇ ಒಡೆಯುತ್ತೆ, ಎಂದು ಅಂಕಲ್ ಇವರಿಗೆ ಹೇಳಿದ್ದು ನನಗೂ ಕೇಳಿಸಿತ್ತು, ಆದರೆ ಮಂಗಳಾರತಿಗೆ ಕರೆದರೆ ನಮ್ಮಲ್ಲಿ ಕೂತೇ ಇರುವವರು ಯಾರು, ಎದ್ದು ಕಾಲು ತೊಳೆಯಲು ಹೋದರು, ನಾನು ಗುಂಡು ಕೂರಿಸುವ ಯಂತ್ರಕ್ಕೆ ಅರಿಸಿನ ಹಚ್ಚಿದೆ, ಕೇಸುಗಳು ನಿಂತಿದ್ದ ತೂತಿನ ಹಲಗೆಗೆ ಹೂವಿಟ್ಟು ಪೂರ್ವಕ್ಕೆ ತಿರುಗಿಸಿದೆ, ಪೂಜೆಗಿಟ್ಟದ್ದು ಪಶ್ಚಿಮ ನೋಡಬಾರದಲ್ಲ — ಎಡಕ್ಕಿದ್ದ ಮದ್ದು ತುಂಬಿದ ಸಾಲು ಬಲಕ್ಕೆ ಬಂತು, ಖಾಲಿ ಸಾಲು ಎಡಕ್ಕೆ, ಅಷ್ಟೇ. ಆರತಿ ತಗೊಂಡು ಬಂದು ಕೂತರು, ಮದ್ದಿನ ಚಮಚ ಎತ್ತಿ ತಡೆದರು. ಶ್ವೇತಾ, ಹಲಗಿ ತಿರುವೀಯೇನ? ಇಲ್ರಿ. ಖರೇನ? ಹೂವಷ್ಟ ಇಟ್ಟೇನ್ರಿ. ಟಾರ್ಚ್ ಹಾಕಿ ಕೇಸಿನ ಒಳಗೆ ನೋಡಬೇಕೆಂದು ಅಂಕಲ್ ಹೇಳಿದ್ದರು, ನೋಡಲಿಲ್ಲ, ನನ್ನ ಮಾತನ್ನು ನಂಬಿದರು, ಮದುವೆಯಾದ ಮೇಲೆ ನಂಬಿದ್ದು ಅದೊಂದೇ ಸಲ, ಬಲಗಡೆಯ ಸಾಲಿಗೆ ಮತ್ತೆ ಮದ್ದು ಸುರಿಯಿತು, ಸಾಸಿವೆಯಂತೆ, ಸರಸರ, ಆರತಿ ತಟ್ಟೆ ಹಿಡಿದ ನನ್ನ ಕೈ ಅಲುಗಲಿಲ್ಲ. ಅಜ್ಜಿಯ ಕಥೆಯಲ್ಲಿ ದೇವಿ ಸುಳ್ಳಾಡಿದ ನಾಲಿಗೆಯನ್ನು ಕ್ಷಮಿಸುತ್ತಾಳೆ, ಸುಳ್ಳಾಡುವಾಗ ನಡುಗದ ನಾಲಿಗೆಯನ್ನು ಕಿತ್ತು ಬೇವಿನ ಮರಕ್ಕೆ ಕಟ್ಟುತ್ತಾಳೆ — ಕಟ್ಟಲಿ. ಇನ್ನೂ ಫ್ರೀವೇ ಮುಟ್ಟಿರಲಿಕ್ಕಿಲ್ಲ, ಫೋನು ಕೈಯಲ್ಲೇ ಇದೆ, ಹಲಗಿ ತಿರುವಿದ್ದೆ ರೀ, ಹಾರಿಸಬ್ಯಾಡ್ರಿ, ಇಷ್ಟು ಸಾಕು, ಕಾರು ತಿರುಗುತ್ತದೆ, ಮನೆಗೆ ಬರುತ್ತಾರೆ, ಮತ್ತೆ ಅತಿಥಿಗಳು, ಮತ್ತೆ ತುಪ್ಪ, ಮತ್ತೆ ಆ ನಗೆ — ಫೋನನ್ನು ಬೋರಲು ಮಲಗಿಸಿದೆ, ದೀಪಕ್ಕೆ ಎಣ್ಣೆ ಹಾಕಿದೆ, ಬತ್ತಿ ಸರಿ ಮಾಡಿದೆ, ನಿನ್ನ ಹೆಸರು ಹಿಡಿದು ಜಪಕ್ಕೆ ಕೂತೆ ತಾಯಿ, ಕಣ್ಣು ಮುಚ್ಚಿದರೆ ನೀನಿಲ್ಲ, ಊಟದ ಮೇಜಿನ ಮೇಲೆ ಎತ್ತಿ ಹಿಡಿದ ಎರಡು ಬೆರಳು, ನಡುವೆ ಬಾಯಿ ತೆರೆದ ಹಿತ್ತಾಳೆ, ಎರಡು ಬೆರಳು, ನಡುವೆ ಹಿತ್ತಾಳೆ, ಎರಡು ಬೆರಳು —