ಒಂಬತ್ತು ಗಂಟು

"ನಿಂದ್ರಪ ಪಂಪಣ್ಣ, ಆ ವಲ್ಲಿಗೆ ಕೈ ಹಚ್ಚಬ್ಯಾಡ," ಎಂದಳು ಮುದುಕಮ್ಮ.

ತೀರಿಕೊಂಡ ಕರಿಬಸಯ್ಯ ಮಾಸ್ತರರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದಾಗಿತ್ತು. ಅಂಗಳದಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಮಾಸ್ತರರ ಹೆಗಲ ಮೇಲಿನ ಹಳೆಯ ವಲ್ಲಿ ತೆಗೆದು ಹೊಸ ವಸ್ತ್ರವೊಂದನ್ನು ಹೊದಿಸೋಣವೆಂದು ಪಂಪಣ್ಣ ಕೈ ಚಾಚಿದ್ದ. ಅಷ್ಟರಲ್ಲಿ ಮಾಸ್ತರರ ಅಕ್ಕ ಮುದುಕಮ್ಮ ಬಂದು ತಡೆದಳು. ಅವಳಿಗೆ ಕಣ್ಣು ಮಂಜು, ಬೆರಳು ಮಾತ್ರ ಚುರುಕು. ವಲ್ಲಿಯ ಅಂಚನ್ನು ತಡವಿ ಎಣಿಸಿದಳು.

"ಒಂಬತ್ತು ಗಂಟು ಅದಾವ. ಗಂಟು ಇಟಗೊಂಡು ಮಣ್ಣಿಗೆ ಹೋಗಬಾರದು ನಮ್ಮ ಮಂದಿ."

ಒಂಬತ್ತು ಎಂಬ ಮಾತು ಕೇಳಿದ್ದೇ ತಡ, ಪಂಪಣ್ಣನ ಮನಸ್ಸು ಹೆಣ ಬಿಟ್ಟು ನಾಳೆಯ ಲೆಕ್ಕಕ್ಕೆ ಓಡಿತು. ಬೆಳಗಿನಿಂದಲೂ ಅವನ ಪಾಡು ಹೀಗೆಯೇ. ಅಕ್ಷರ ಕಲಿಸಿದ ಗುರುವಿನ ಹೆಣದ ಮುಂದೆ ಕೂತವನಿಗೆ ಅಳು ಬರಬೇಕು, ಬರುತ್ತಲೂ ಇತ್ತು. ಆದರೆ ಅಳುವಿನ ಬೆನ್ನಿಗೇ ನಾಳೆಯ ದಿನ ಬಂದು ಕುಣಿಯುತ್ತಿತ್ತು. ಅಂದು ಶುಕ್ರವಾರ, ಶಾಲೆಗೆ ಸೂಟಿ. ಶನಿವಾರ ಬೆಳಗಾದರೆ ಸಿಂಧನೂರಿನ ನಿಜಾಮ ಸರಕಾರದ ಶಾಲೆಯಲ್ಲಿ ಮೊದಲ ಬಾರಿಗೆ ಕನ್ನಡ ಶಾಖೆ ಬಾಗಿಲು ತೆರೆಯುವುದಿತ್ತು. ಅದಕ್ಕೆ ಮುಖ್ಯಸ್ಥ ಇಪ್ಪತ್ತೆಂಟರ ಪಂಪಣ್ಣ. ಹೊಸ ಶೇರವಾನಿ ಹೊಲಿಸಿ ಮನೆಯ ಗೂಟಕ್ಕೆ ತೂಗುಹಾಕಿದ್ದ. ಸಾವಿನ ಸುದ್ದಿ ಕೇಳಿ ಓಡಿ ಬರುವಾಗಲೂ ಅದರ ಗುಂಡಿಗಳನ್ನು ಒಮ್ಮೆ ಸವರಿಯೇ ಬಂದಿದ್ದ. ಈಗ ಅದನ್ನು ನೆನೆದು ನಾಚಿಕೆಯಾಯಿತು, ಹುರುಪು ಮಾತ್ರ ಇಳಿಯಲಿಲ್ಲ.

ಆ ಹುರುಪಿಗೊಂದು ಮುಳ್ಳಿತ್ತು. ಶಾಲೆಗಳ ತನಿಖೆಗೆಂದು ಲಿಂಗಸುಗೂರಿನಿಂದ ಬರುವ ಮೊಹತಮಿಮ್ ಸಾಹೇಬರು ನಾಳೆ ತಲೆ ಎಣಿಸುವವರು. ನಲವತ್ತು ಮಕ್ಕಳಿರಬೇಕು, ಒಂದು ಕಡಿಮೆಯಾದರೂ ಶಾಖೆ ತೆರೆಯುವ ಹುಕುಂ ರದ್ದು. ತಾವಾಗಿಯೇ ಶಾಲೆಗೆ ಬಂದು ಹೆಸರು ಬರೆಸಿದ್ದವರು ಮೂವತ್ತೊಂದು. ಉಳಿದ ಒಂಬತ್ತೂ ಈ ವಲ್ಲಿಯ ಗಂಟುಗಳಲ್ಲಿದ್ದವು. ಅವು ಯಾರ ಮಕ್ಕಳೆಂದು ಬಲ್ಲವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು.

*

ಮೂರು ವಾರದ ಹಿಂದೆ ಹುಕುಂ ಬಂದಾಗ ಅದರಲ್ಲಿ ಪಂಪಣ್ಣನ ಹೆಸರಿತ್ತು. ಶಾಖೆ ಬೇಕೆಂದು ಇಪ್ಪತ್ತು ವರ್ಷ ಅರ್ಜಿ ಹಾಕಿದವರು ಕರಿಬಸಯ್ಯನವರು. ಆದರೆ ಉರ್ದು ಪರೀಕ್ಷೆ ಪಾಸಾಗದ ಅವರಿಗೆ ಆ ಜಾಗ ಸಿಗುವಂತಿರಲಿಲ್ಲ. ಬೇವಿನ ಮರದ ಕೆಳಗೆ ಮರಳು ಹರವಿ ಅಕ್ಷರ ತಿದ್ದಿಸುತ್ತಲೇ ಅವರ ತಲೆ ನೆರೆತಿತ್ತು. ಪಂಪಣ್ಣ ತಪ್ಪು ಮಾಡಿದವನಂತೆ ಹುಕುಂ ಹಿಡಿದು ನಿಂತರೆ, ಮುದುಕ ಅದನ್ನು ಮೂರು ಸಲ ಓದಿಸಿ ಕೇಳಿ ಎದ್ದು ಚಪ್ಪಲಿ ಮೆಟ್ಟಿದರು.

"ನೀ ಆದ್ರೇನು, ನಾ ಆದ್ರೇನಲೇ? ಬಾಗಲಾ ತೆರೀತಲ್ಲ. ಹುಡುಗರನ್ನ ನಾ ತರ್ತೀನಿ, ನೀ ಅವ್ರಿಗೆ ಕೂಡಾಕ ಜಾಗ ಮಾಡು."

"ಹೆಸರು ಬರಕೊಳ್ಳಾಕ ಕಾಗದ ಕೊಡ್ಲೇನ್ರಿ?"

"ಕಾಗದ ಕಂಡ್ರ ಮಂದಿ ಕದ ಹಾಕ್ಕೊಂತಾರ. ಸರಕಾರಿ ಕಾಗದದಾಗ ಹೆಸರು ಬಿದ್ರ ನಾಳೆ ಬಿಟ್ಟಿ ದುಡಿಯಾಕ ಕರೀತಾರಂತ ಅವ್ರಿಗೆ ಅಂಜಿಕಿ. ನನ್ನ ವಲ್ಲಿಗೆ ಯಾರೂ ಅಂಜಂಗಿಲ್ಲ."

ಮಾತು ಕೊಟ್ಟವರ ಕಣ್ಣೆದುರಿಗೆ ವಲ್ಲಿಗೊಂದು ಗಂಟು ಹಾಕುವುದು ಅವರ ಪದ್ಧತಿ. ಹೊಸ್ತಿಲ ಬಳಿ ಹೋದವರು ತಿರುಗಿ ನಿಂತರು.

"ನಿನ್ನ ಮಗ ಎಲ್ಲಿ ಕೂಡ್ತಾನ?"

ಪಂಪಣ್ಣ ತಡವರಿಸಿದ. "ಉರ್ದು ಶಾಖೆದಾಗ ಅದಾನ್ರಿ. ಮುಂದ ಕಚೇರಿದಾಗ ನೌಕರಿ ಸಿಗಬೇಕಲ್ರಿ... ನೋಡೋಣ್ರಿ."

"ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ," ಎಂದು ಮುದುಕ ನಕ್ಕು, ವಲ್ಲಿಯ ತುದಿಯನ್ನು ಬೆರಳಲ್ಲಿ ತಿರುವುತ್ತ ಪಕ್ಕದ ಹಳ್ಳಿ ಮುಕ್ಕುಂದದ ದಾರಿ ಹಿಡಿದರು.

*

"ನನ್ನ ತಮ್ಮಗ ಮಾತು ಕೊಟ್ಟೋರು ಯಾರ್ಯಾರು ಬಂದೀರಿ?" ಮುದುಕಮ್ಮ ಅಂಗಳಕ್ಕೆ ಕೇಳುವಂತೆ ಕೂಗಿದಳು. ತಾಳ ನಿಂತಿತು. "ನಿಮ್ಮ ಗಂಟು ನೀವ ಬಿಚ್ಚರಿ. ಬಿಚ್ಚಿ, ಮಾತು ಹಿಂದಕ್ಕ ತಗೋತೀರೋ, ಈ ಪಂಪಣ್ಣಗ ಕೊಡ್ತೀರೋ, ನಿಮಗ ಬಿಟ್ಟಿದ್ದು."

ಮುಕ್ಕುಂದದ ರೈತ ಹುಸೇನಪ್ಪ ನೆಲ ನೋಡುತ್ತ ಹೇಳಿದ, "ನಾವು ಕೊಟ್ಟಿದ್ದು ಅಯ್ಯಾರಿಗೆ. ಅವ್ರ ಇಲ್ಲ ಅಂದಮ್ಯಾಲ..."

ಪಂಪಣ್ಣ ತಟ್ಟನೆ ಮುಂದೆ ಬಂದ. ಅಂಗಿಯ ಕಿಸೆಯಿಂದ ಕಾಗದ, ಸೀಸಕಡ್ಡಿ ಹೊರಗೆ ತೆಗೆದ. ಮುಂದಿದ್ದ ನಾಲ್ಕು ಮಂದಿ ಒಂದು ಹೆಜ್ಜೆ ಹಿಂದೆ ಸರಿದರು. ಅವನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಕಾಗದವನ್ನು ಕಿಸೆಗೆ ತುರುಕಿ, ತನ್ನ ಹೆಗಲ ಮೇಲಿನ ವಲ್ಲಿಯನ್ನು ಎಳೆದು ತುದಿಯನ್ನು ಕೈಯಲ್ಲಿ ಹಿಡಿದು ನಿಂತ.

ಮೊದಲು ಎದ್ದವನು ಹತ್ತಿ ಹಿಂಜುವ ಬಂದೇಸಾಬ.

"ನಂದೊಂದು ಅದ. ನಮ್ಮ ಮಗಳ ಮಗ," ಎಂದು ಗಂಟು ಬಿಚ್ಚಿದ. "ಮನ್ಯಾಗ ಜಗಳಾಡೋದು ಕನ್ನಡದಾಗ, ಶಾಲಿಗೆ ಹೋದ್ರ ಮೂಕ ಆಗ್ತಾನ. ಇನ್ನರ ಮಾತಾಡ್ಲಿ. ಹಾಕು, ಮಾಸ್ತರ."

ಮಾಸ್ತರ. ಆ ಹೆಸರಿನಿಂದ ಊರಿನಲ್ಲಿ ಕರೆಯುತ್ತಿದ್ದುದು ಒಬ್ಬರನ್ನೇ. ಪಂಪಣ್ಣ ತನ್ನ ವಲ್ಲಿಗೆ ಮೊದಲ ಗಂಟು ಹಾಕಿ ಬಿಗಿದ.

ಹುಸೇನಪ್ಪ ಇದನ್ನು ನೋಡಿದ, ಕೆಮ್ಮಿದ, ಎದ್ದು ಬಂದ. "ನಮ್ಮ ಹುಡುಗ ಇಲ್ಲೇ ಸೋದರತ್ತಿ ಮನ್ಯಾಗ ಇರ್ತಾನ," ಎಂದಷ್ಟೇ ಹೇಳಿ ಗಂಟು ಬಿಚ್ಚಿದ. ಅಂಗಳದ ಆಚೆ, ಊರಾಚೆಯ ಕೇರಿಯವರ ನಡುವೆ ನಿಂತಿದ್ದ ಯಮನಮ್ಮ ದನಿ ತೆಗೆದಳು.

"ಅಯ್ಯಾರು ನಮ್ಮ ಗುಡಿಸಲ ಮುಂದ ಕುಂತು ಹಾಕಿದ್ದು ಒಂದೈತಿ. ನಾ ಒಳಗ ಬರ್ಲೇನ್ರಿ?"

"ನಿಮ್ಮ ಕೇರಿಗೆ ಬರೋಮುಂದ ಅವ ನಿನ್ನ ಕೇಳಿದ್ನೇನು? ಬಾ," ಎಂದಳು ಮುದುಕಮ್ಮ.

ಯಾರೋ ಗೊಣಗಿದರು. ಯಮನಮ್ಮ ನೆಟ್ಟಗೆ ಬಂದು ಬಿಚ್ಚಿದಳು. ಆಮೇಲೆ ತಡೆಯೇ ಇರಲಿಲ್ಲ. ನಾಲ್ಕು, ಐದು, ಏಳು, ಎಂಟು. ಪಂಪಣ್ಣನಿಗೆ ಎದ್ದು ಕುಣಿಯಬೇಕೆನಿಸಿತು. ಭಜನೆಯವರ ಕೈ ತಾಳಕ್ಕೆ ತಾನೇ ಹೋಯಿತು.

ಒಂಬತ್ತನೆಯದಕ್ಕೆ ಯಾರೂ ಬರಲಿಲ್ಲ.

"ಹೊತ್ತಾಗಾಕತ್ತೈತಿ, ಎತ್ತೋಣ್ರಿ," ಎಂದರು ಹೊರಗಿನವರು.

ಮುದುಕಮ್ಮ ಗಂಟನ್ನು ಮತ್ತೆ ಮತ್ತೆ ತಡವಿದಳು. "ಇದು ತುದಿಗಂಟು. ಎಲ್ಲಾಕಿಂತ ಮೊದಲು ಹಾಕ್ಯಾನ. ಮನಿ ಬಿಟ್ಟು ಹೊಂಡೋಮುಂದನ ಹಾಕ್ಯಾನ ನೋಡು."

ಪಂಪಣ್ಣ ಆ ತುದಿಗಂಟನ್ನೇ ನೋಡಿದ. ಹೊಸ್ತಿಲು, ಮಗನ ಬಗ್ಗೆ ಗುರು ಕೇಳಿದ ಮಾತು, ನಗು, ತಿರುವಿದ ತುದಿ, ಎಲ್ಲ ಕಣ್ಣ ಮುಂದೆ ಬಂದವು. ಮಗನನ್ನು ಕಚೇರಿಯ ಕುರ್ಚಿಯ ಮೇಲೆ ಕಂಡಿದ್ದ ಹೆಂಡತಿಯ ಮುಖವೂ ಬಂತು. ಮೂವತ್ತೊಂಬತ್ತು ಮನೆಯವರು ತಮ್ಮ ಮಕ್ಕಳನ್ನು ಕೊಟ್ಟಾಗಿತ್ತು, ನಲವತ್ತಕ್ಕೆ ಒಂದೇ ಬಾಕಿ.

ಅವನು ಗುರುವಿನ ಮಗ್ಗುಲಲ್ಲಿ ಮೊಣಕಾಲೂರಿ ಕೂತ. ಮೂರು ವಾರದ ಬೆವರಿಗೆ ಗಂಟು ಬಿಗಿದುಕೊಂಡಿತ್ತು. ಉಗುರಿಗೆ ಬಗ್ಗಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದ. ಬಾಯಿಗೆ ಉಪ್ಪು ಹತ್ತಿತು.

"ಅದು ಯಾರದು, ಮಾಸ್ತರ?" ಬಂದೇಸಾಬ ಕೇಳಿದ.

"ನಂದು," ಎಂದು ಪಂಪಣ್ಣ ತನ್ನ ವಲ್ಲಿಗೆ ಮಗನ ಹೆಸರಿನ ಒಂಬತ್ತನೆಯ ಗಂಟು ಹಾಕಿದ.

ವಾದ್ಯ ಮೊಳಗಿತು. ಕರಿಬಸಯ್ಯನವರ ಹೆಗಲ ಮೇಲೆ ಬರಿ ಸುಕ್ಕು ಉಳಿದ ವಲ್ಲಿ ಗಾಳಿಗೆ ಹಗುರಾಗಿ ಹಾರುತ್ತಿತ್ತು. ಹಿಂದೆ ಹೆಗಲು ಕೊಟ್ಟು ನಡೆಯುತ್ತಿದ್ದ ಪಂಪಣ್ಣನ ಎದೆಗೆ ಒಂಬತ್ತು ಗಂಟುಗಳು ಹೆಜ್ಜೆ ಹೆಜ್ಜೆಗೂ ಬಡಿಯುತ್ತಿದ್ದವು.