ನೀಲಿ ಚುಕ್ಕೆಗಳು ಯಾರವು

ಕಬ್ಬಿನ ಎತ್ತರದಿಂದ ಶುರುಮಾಡಲೇ, ಹರ್ಷದಾ ಸುಮ್ಮನಿದ್ದ ಗಳಿಗೆಯಿಂದಲೇ? ಎತ್ತರ ಸುಲಭ. ಅದನ್ನು ಅಳೆಯಲು ಯಂತ್ರವಿದೆ.

೧
ಚಿಕ್ಕಪಡಸಲಗಿ ಎಂಬ ಊರು. ಬಸಗೊಂಡಪ್ಪನ ಹೊಲದಲ್ಲಿ ಸಂಶೋಧಕಿ ಹರ್ಷದಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೇಸರ್ ಸ್ಕ್ಯಾನರ್ ನಿಲ್ಲಿಸಿದಳು. ಅದು ತಾನೇ ಸುತ್ತುತ್ತ, ಕಬ್ಬು ಎಷ್ಟು ಬೆಳೆದಿದೆಯೆಂದು ಚುಕ್ಕೆ ಚುಕ್ಕೆಯಾಗಿ ದಾಖಲಿಸುತ್ತದೆ. ಅಳೆಯುವವರು ಅಳತೆಯಲ್ಲಿ ಬರಬಾರದೆಂದು ಆಕೆ ಕಬ್ಬಿನೊಳಗೆ ಸರಿದಳು. (ಪೂರ್ತಿ ಹೇಳುವುದಾದರೆ, ಬೆಳಿಗ್ಗೆಯಿಂದ ತಡೆದುಕೊಂಡಿದ್ದಳು. ಹೊಲದಲ್ಲಿ ಶೌಚಾಲಯ ಎಲ್ಲಿಂದ ಬರಬೇಕು?) ಎಲೆಗಳ ಸಂದಿಯಲ್ಲಿ ಲೇಸರ್ ನುಗ್ಗುತ್ತದೆಂದು ಪಾಠ ಮಾಡುವವಳಿಗೆ ಆಗ ಅದು ನೆನಪಾಗಲಿಲ್ಲ.

೨
ಮುಂದಿನ ವಾರ ಬಸಗೊಂಡಪ್ಪನ ಪಡಸಾಲೆಯ ಟಿವಿಯಲ್ಲಿ ರೈತರಿಗೆ ಚಿತ್ರ ತೋರಿಸಿದಳು. ಎತ್ತರದ್ದು ಹಸಿರು, ಗಿಡ್ಡದ್ದು ನೀಲಿ. ಹಸಿರಿನ ನಡುವೆ ಒಂದಷ್ಟು ನೀಲಿ ಚುಕ್ಕೆಗಳು ಕುಕ್ಕರಗಾಲಲ್ಲಿ ಕೂತಿದ್ದವು. ಹರ್ಷದಾ ತನ್ನನ್ನು ಗುರುತಿಸಿಕೊಂಡಳು.

"ಹಂದಿ ಇರಬೇಕ್ರಿ," ಎಂದ ಈರಪ್ಪ.

"ಹಂದಿಗೆ ತುರುಬ ಇರತೈತೇನಲೇ?" ಬಸಗೊಂಡಪ್ಪ ಬಾಗಿಲ ಕಡೆ ತಿರುಗಿದ. "ಕರೆವ್ವಾ, ನಿನ್ನ ಫೋಟೋ ಬಂದೈತಿ ನೋಡ ಬೇ."

ಎಲ್ಲರೂ ನಕ್ಕರು. ಕಳೆ ತೆಗೆಯಲು ಬರುವ ಕರೆವ್ವ ಹೊರಗೆ ನಿಂತಿದ್ದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಇದು ನಾಯ್ಸ್ ರೀ, ಬ್ಯಾಡಾದ ಚುಕ್ಕಿ. ತೆಗೀತೇನಿ," ಎಂದಳು ಹರ್ಷದಾ. ಅಷ್ಟೇ ಎಂದಳು.

೩
(ಹರಿದು ಹಾಕಿದ ಡ್ರಾಫ್ಟ್. ಇದರಲ್ಲಿ ಹರ್ಷದಾ ಎದ್ದು ನಿಂತು "ಅದು ನಾನು" ಎನ್ನುತ್ತಾಳೆ.)

"ಯಾಕ ಹರದ್ರಿ?" ಹರ್ಷದಾ ಕತೆಯೊಳಗಿಂದ ನನ್ನನ್ನು ಕೇಳಿದಳು.

"ನೀನು ಹಾಗೆ ಹೇಳುವವಳಲ್ಲ."

"ನೀವ ಹೇಳ್ತಾಳಂತ ಬರದಿದ್ರ ಹೇಳತಿದ್ದೆ. ಕರೆವ್ವನ್ನ ಬಾಗಲದ ಹೊರಗ ನಿಲ್ಲಿಸಿದವರೂ ನೀವ ಅಲ್ಲೇನು?"

ಹೌದು. ನಗೆಗೆ ಒಬ್ಬಳು ಬೇಕಾದಾಗ ನನ್ನ ಪೆನ್ನು ಹುಡುಕಾಡಲೂ ಇಲ್ಲ, ಸೀದಾ ಕರೆವ್ವನ ಹತ್ತಿರ ಹೋಗಿತ್ತು.

ಮುಕ್ತಾಯ ಒಂದು: ಹರ್ಷದಾ ಕರೆವ್ವನನ್ನು ಹಿತ್ತಲಿಗೆ ಕರೆದು ನಿಜ ಹೇಳಿ, ತಪ್ಪಾಯಿತು ಎನ್ನುತ್ತಾಳೆ.

"ನಕ್ಕಿದ್ದು ಪಡಸಾಲ್ಯಾಗ್ರಿ," ಎಂದಳು ಕರೆವ್ವ. "ನೀವು ಹಿತ್ತಲದಾಗ ಹೇಳಾಕತ್ತೀರಿ."

ಆ ಮುಕ್ತಾಯ ಅಲ್ಲಿಗೇ ಕೆಟ್ಟಿತು.

ಮುಕ್ತಾಯ ಎರಡು: ಹರ್ಷದಾ ನೀಲಿ ಚುಕ್ಕೆಗಳನ್ನು ಅಳಿಸುತ್ತಾಳೆ. ಆದರೆ ಅವುಗಳ ಹಿಂದಿನ ಕಬ್ಬಿಗೆ ಕಿರಣ ತಲುಪಿರಲಿಲ್ಲ. ಹಸಿರಿನಲ್ಲಿ ಕುಕ್ಕರಗಾಲಿನ ತೂತೊಂದು ಉಳಿಯುತ್ತದೆ. ತೂತನ್ನು ಅಳಿಸುವ ಬಟನ್ ಇಲ್ಲ.

ಮೂರನೆಯದನ್ನು ಪಡಸಾಲೆಯಲ್ಲೇ ಇಟ್ಟಿದ್ದೇನೆ. ಟಿವಿ ಹಾಕಿದೆ. ಈರಪ್ಪ, ಬಸಗೊಂಡಪ್ಪ ಕೂತಿದ್ದಾರೆ. ಕರೆವ್ವನನ್ನು ಈ ಸಲ ಒಳಗೆ ಕೂರಿಸಿ ಬರೆದೆ. ಆಕೆ ಎದ್ದು ಮತ್ತೆ ಹೊಸ್ತಿಲಾಚೆ ಹೋಗಿ ನಿಂತಳು. ಹರ್ಷದಾ ಹೇಳಲು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಾಳೆ.

ನಾನು ಪೆನ್ನು ಮುಚ್ಚಲು ಕ್ಯಾಪ್ ಹುಡುಕುತ್ತಿದ್ದೇನೆ.