ಗಂಟಿ ಎಂದು ಬರೆದಿಟ್ಟ ವಾಲ್ವ್

ವಾಲ್ವನ್ನು ಹಾಡು ಹಾಕಿ ಪರೀಕ್ಷಿಸಬಾರದು ಎಂದು ನನಗೆ ಗೊತ್ತಾದದ್ದು ತಡವಾಗಿ. ಹಾಡು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಗುಂಯ್‌ಗುಡುವುದು, ಚಿಟಪಟ ಅನ್ನುವುದು, ಒಂದು ಕಿವಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಕೊಡುವುದು, ವಾಲ್ವಿನ ದೋಷಗಳೆಲ್ಲ ಹಾಡಿನ ಕೆಳಗೆ ಅಡಗಿ ಕೂತಿರುತ್ತವೆ. ಸದ್ದು ನಿಂತಾಗ ಮಾತ್ರ ಹೊರಗೆ ಬರುತ್ತವೆ.

ಕಳೆದ ಶ್ರಾವಣದಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಒಂದರ ಬಿಡಿಭಾಗಗಳನ್ನು ಆನ್‌ಲೈನಿನಲ್ಲಿ ತರಿಸಿ ನಾನೇ ಬೆಸುಗೆ ಹಾಕಿ ಜೋಡಿಸಿದೆ. ಎರಡು ಅಂಗೈ ಅಗಲದ ಪೆಟ್ಟಿಗೆ, ಮೇಲೆ ಒಂಬತ್ತು ತೂತಿನ ಸಾಕೆಟ್ಟು, ಅದರಲ್ಲಿ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ, ದನಿ ಹಿಗ್ಗಿಸುವ, ಹೆಬ್ಬೆರಳು ಗಾತ್ರದ ಒಂದು ಗಾಜಿನ ವಾಲ್ವ್. ಅದರೊಡನೆ ಬಂದ ವಾಲ್ವಿನ ದನಿ ಸಪ್ಪೆಯಾಗಿತ್ತು. ಅಪ್ಪನ ಬಿಸ್ಕತ್ತಿನ ಡಬ್ಬಿ ನೆನಪಾಗಿ ಅಟ್ಟದಿಂದ ಇಳಿಸಿದೆ.

ಅಪ್ಪ ಪಾಲಾಕ್ಷಪ್ಪ ಕೂಡ್ಲಿಗಿಯಲ್ಲಿ ನಲವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಬಿಎಸ್ಸಿ ಮುಗಿಸಿ ಅವರು ಕೂರುತ್ತಿದ್ದ ಜಾಗದಲ್ಲೇ ಕೂತು ಮೊಬೈಲು, ಟಿವಿ ರಿಪೇರಿ ಮಾಡುತ್ತೇನೆ. ಅಲ್ಲಿ ಮೇಜಿಲ್ಲ, ಉದ್ದನೆಯ ಒಂದು ಕಡಪಾ ಕಲ್ಲು ಇದೆ. ಅಪ್ಪ ಗೋಡೆಗೆ ಕಿಂಡಿ ಕೊರೆಸಿ ಅದನ್ನು ಅಡ್ಡ ಹಾಯಿಸಿದ್ದರು. ಅರ್ಧ ಕಲ್ಲು ಈಚೆ ನನ್ನ ಕೋಣೆಯಲ್ಲಿ, ಅರ್ಧ ಆಚೆ ಅಡಿಗೆಮನೆಯಲ್ಲಿ. ಕೆಲಸ ಬಿಟ್ಟು ಏಳದೆ ಚಹಾ ಕೈಗೆ ಬರಲಿ ಎಂದು ಮಾಡಿದ ಉಪಾಯ. ಬೆಸುಗೆಯ ಹೊಗೆ ಅವ್ವನಿಗೆ ಕೆಮ್ಮು ತರಿಸತೊಡಗಿದ ಮೇಲೆ ಕಿಂಡಿಗೆ ಪ್ಲೈವುಡ್ ಹೊಡೆದು ಮುಚ್ಚಿದೆವು.

ಡಬ್ಬಿಯಲ್ಲಿ ಹನ್ನೊಂದು ವಾಲ್ವುಗಳಿದ್ದವು. ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಮಾತು ಬರೆದಿಟ್ಟಿದ್ದರು. ‘ಭಾಷಣ’. ‘ಭಜನಿ’. ‘ನಾಟಕ, ಹೆಣ್ಣಿನ ದನಿ’. ಯಾವ ಕಾರ್ಯಕ್ರಮಕ್ಕೆ ಯಾವ ವಾಲ್ವ್ ಎಂಬ ಲೆಕ್ಕ. ಒಂದರ ಮೇಲೆ ‘ಗಂಟಿ’ ಎಂದಿತ್ತು. ದೇವಸ್ಥಾನದ ಪೂಜೆಗೆ ಇಟ್ಟಿದ್ದಿರಬೇಕು ಅಂದುಕೊಂಡೆ.

ದಿನಕ್ಕೊಂದನ್ನು ಹಾಕಿ ಕೇಳತೊಡಗಿದೆ. ಸ್ವಿಚ್ ಆರಿಸಿ, ಗಾಜು ತಣ್ಣಗಾಗುವವರೆಗೆ ಕಾದು, ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಆಚೀಚೆ ಅಲುಗಾಡಿಸುತ್ತ ಕೀಳಬೇಕು. ಹೊಸದನ್ನು ಕೂರಿಸಿದ ಮೇಲೆ ಒಳಗಿನ ತಂತಿ ಕೆಂಪಗಾಗುವವರೆಗೆ ಇನ್ನೊಂದಿಷ್ಟು ಕಾಯಬೇಕು. ಆ ಕಾಯುವಿಕೆ ನನಗೆ ಹಿಡಿಸಿತ್ತು. ‘ಭಾಷಣ’ ಹಾಕಿದರೆ ಮಾತಾಡುವವರು ಎದುರಿಗೆ ಬಂದು ಕೂತಂತಾಗುತ್ತಿತ್ತು. ‘ಭಜನಿ’ಯಲ್ಲಿ ತಾಳ ಹೊಳೆಯುತ್ತಿತ್ತು, ಹಾಡುವವರು ಹಿಂದೆ ಸರಿಯುತ್ತಿದ್ದರು.

ಪರೀಕ್ಷೆಗೆ ಮೌನ ಬೇಕಾಗಿತ್ತು. ಅದೂ ಡಬ್ಬಿಯಲ್ಲೇ ಸಿಕ್ಕಿತು, ತಳದಲ್ಲಿದ್ದ ಒಂದು ಕ್ಯಾಸೆಟ್ಟಿನಲ್ಲಿ. ಮೇಲೆ ‘ಮೈಲಾರ’ ಎಂದಷ್ಟೇ ಬರೆದಿತ್ತು. ಅಪ್ಪನ ಹಳೆಯ ಟೇಪ್‌ರೆಕಾರ್ಡರನ್ನು ಆಂಪ್ಲಿಫೈಯರಿಗೆ ಜೋಡಿಸಿ ಅದನ್ನು ಹಾಕಿದೆ.

ಭರತ ಹುಣ್ಣಿಮೆಯ ದಿನಗಳಲ್ಲಿ ಮೈಲಾರದಲ್ಲಿ ದೇವರ ಸೇವೆಯ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲೇರುತ್ತಾನೆ. ತುದಿ ಮುಟ್ಟಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಒಂದೇ ಸಲಕ್ಕೆ ಸುಮ್ಮನಾಗುತ್ತಾರೆ. ಆಮೇಲೆ ಒಂದು ಸಾಲಿನ ಕಾರಣಿಕ. ಮುಂದಿನ ವರ್ಷ ಹೇಗೆಂದು ನಮ್ಮ ಕಡೆಯವರು ಆ ಒಂದು ಸಾಲಿನಲ್ಲಿ ಹುಡುಕುತ್ತಾರೆ. ಅಪ್ಪ ಮೂವತ್ತು ವರ್ಷದ ಹಿಂದೆ ಅಲ್ಲಿ ನಿಂತು ಅದನ್ನು ರೆಕಾರ್ಡ್ ಮಾಡಿದ್ದರು. ಮೊದಲು ಡಮರು, ‘ಏಳು ಕೋಟಿ’ ಎಂಬ ಕೂಗು. ಒಂದು ನಿಮಿಷ ನಲವತ್ತು ಸೆಕೆಂಡಿಗೆ ‘ಸದ್ದಲೇ’. ಅಲ್ಲಿಂದ ಹದಿನೇಳು ಸೆಕೆಂಡು ಏನೂ ಇಲ್ಲ. ಆಮೇಲೆ ದೂರದಿಂದ ಬಂದು ಅರ್ಥವಾಗದೆ ಹೋಗುವ ಕಾರಣಿಕ, ಜನದ ಹೋ ಎಂಬ ಸದ್ದು, ಕೊನೆಗೆ ಮೈಕಿನ ತೀರ ಹತ್ತಿರದಲ್ಲಿ ಅಪ್ಪನ ದನಿ: “ಶಾಂಭವೀ!” ಒಂದೇ ಸಲ. ಅಲ್ಲಿಗೆ ಕ್ಯಾಸೆಟ್ ನಿಲ್ಲುತ್ತದೆ.

ಶಾಂಭವಿ ನನ್ನ ಅಕ್ಕ. ಆ ದಿನ ಅಪ್ಪನ ಜೊತೆ ಹೋಗಿದ್ದ ಆರು ವರ್ಷದ ಹುಡುಗಿ ವಾಪಸ್ಸು ಬರಲಿಲ್ಲ. ಜನರಲ್ಲಿ ಹುಡುಕಿದರು, ಹೊಳೆಯಲ್ಲಿ ಹುಡುಕಿದರು, ವರ್ಷಗಟ್ಟಲೆ ಊರೂರು ಅಲೆದರು. ನಾನು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ದೇವರ ಗೂಡಿನ ಪಕ್ಕದಲ್ಲಿ ಅವಳ ಒಂದು ಫೋಟೋ ಇದೆ, ಕಾಲಲ್ಲಿ ಗೆಜ್ಜೆ. ಆ ಫೋಟೋದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳಿದ್ದಿಲ್ಲ. ಅವಳ ಹೆಸರನ್ನು ಅಪ್ಪನ ಬಾಯಲ್ಲಿ ನಾನು ಮೊದಲು ಕೇಳಿದ್ದು ಆ ಕ್ಯಾಸೆಟ್ಟಿನಲ್ಲಿ.

ಕೊನೆಗೆ ‘ಗಂಟಿ’ಯ ಸರದಿ ಬಂತು. ಸಂಜೆ ನಾಲ್ಕರ ಹೊತ್ತು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ‘ಸದ್ದಲೇ’ ಎಂದಿತು. ಲಕ್ಷ ಜನ ಸುಮ್ಮನಾದರು.

ಆ ಮೌನದೊಳಗೆ ಗೆಜ್ಜೆ ಕೇಳಿಸಿತು.

ಠಿಣ್, ಠಿಣ್, ಠಿಣ್. ಬಹಳ ಸಣ್ಣಗೆ. ನಿಂತು, ಮತ್ತೆ ಹೊರಟಂತೆ. ‘ಭಾಷಣ’ ಹಾಕಿ ಕೇಳಿದೆ, ಇಲ್ಲ. ‘ಭಜನಿ’ಯಲ್ಲೂ ಇಲ್ಲ. ಮತ್ತೆ ‘ಗಂಟಿ’ ಹಾಕಿದರೆ ಇತ್ತು. ಮರುದಿನ ಅದೇ ಹೊತ್ತಿಗೆ ಕೂತೆ, ಇತ್ತು. ಎಂಟು ದಿನ ಕೇಳಿದೆ. ಹೆಜ್ಜೆಗಳು ಒಂದು ದಿನದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಅದರಿಂದ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬದುಕಿರುವವರು ಯಾರು ದಿನಾ ಒಂದೇ ರೀತಿ ನಡೆಯುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ನನಗೆ ನನ್ನ ಬಗ್ಗೆಯೇ ಭಯವಾಯಿತು. ಆ ಭಯಕ್ಕೆ ಅಡಿಗೆಮನೆಗೆ ಹೋಗಿ ಹೇಳಿಬಿಟ್ಟೆ.

ಅವ್ವ ಪಂಪಮ್ಮ ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ದಿನಾ ನಾಲ್ಕಕ್ಕೆ ನಿಂತರೆ ನೂರೈವತ್ತು ರೊಟ್ಟಿ.

“ಅವ್ವಾ, ಮೈಲಾರದ ಕ್ಯಾಸೆಟ್‌ನ್ಯಾಗ ಗೆಜ್ಜಿ ಸಪ್ಪಳ ಐತಿ.”

ಅವ್ವ ತಿರುಗಿ ನೋಡಲಿಲ್ಲ. ತವೆಯ ಮೇಲಿನ ರೊಟ್ಟಿ ಸೀದು ಹೊಗೆಯಾಡುವವರೆಗೆ ಹಾಗೇ ನಿಂತಿದ್ದಳು. ಆಮೇಲೆ ಗ್ಯಾಸ್ ಆರಿಸಿ, ಕೈ ತೊಳೆದು ಒರೆಸಿಕೊಂಡಳು.

“ಹಾಕು,” ಅಂದಳು.

ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ಮೂರು ಸಲ ಹಾಕಿದೆ. ಮೂರು ಸಲವೂ ಅಪ್ಪ ಕೂಗಿದಾಗ ಅವಳ ಹೆಗಲು ಒಮ್ಮೆ ಅದುರಿತು. ಹೆಡ್‌ಫೋನ್ ತೆಗೆದು ಕಲ್ಲಿನ ಮೇಲಿಟ್ಟಳು.

“ನಿನಗ ಖರೇನ ಕೇಳಸ್ತೈತಿ?”

“ಹೂಂ, ಅವ್ವಾ. ಎಂಟು ದಿನದಿಂದ.”

“ನನಗ ಕೇಳಸವಲ್ದು,” ಅಂದಳು. “ನಿನ್ನ ಮಾರಿನೂ ನೋಡಿಲ್ಲಕಿ. ನಿನಗ ಕೇಳಸ್ತಾಳ. ಹೊತ್ತು ಹೆತ್ತಾಕಿ ನಾನು, ನನಗಿಲ್ಲ.”

ಮರುದಿನ ನಾಲ್ಕಾದರೂ ಅಡಿಗೆಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವ್ವ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಖಾನಾವಳಿಯ ಗಂಗಾಧರ್ ಫೋನ್ ಮಾಡಿದ: “ಯಾಕಪಾ ಅಮರೇಶ, ಪಂಪಕ್ಕಗ ಆರಾಮಿಲ್ಲೇನು? ಚಪಾತಿ ಕೊಟ್ರ ಗಿರಾಕಿ ನನ್ನ ತಿನ್ನಾಕ ಬರ್ತಾರ.” ಎರಡು ದಿನ ಬಿಟ್ಟು ಮತ್ತೆ ಮಾಡಿದ. ಏನೋ ಒಂದು ಹೇಳಿದೆ. ಅವ್ವ ಉಣ್ಣುವುದನ್ನೂ ಕಡಿಮೆ ಮಾಡಿದ್ದಳು. ಕರೆದರೆ ‘ಹಾಂ’ ಅನ್ನುತ್ತಿದ್ದಳು, ಅಷ್ಟೇ. ಮಗಳು ಮೂವತ್ತು ವರ್ಷದ ಮೇಲೆ ಬಂದು ತನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದಳು ಎಂಬಂತಿತ್ತು ಅವಳ ಮುಖ. ಆ ಮಾತನ್ನು ತಂದು ಹಾಕಿದವನು ನಾನು.

ವಿಚಿತ್ರವೆಂದರೆ, ಆ ಮೂರು ದಿನ ನನಗೂ ಗೆಜ್ಜೆ ಕೇಳಿಸಲಿಲ್ಲ. ಹದಿನೇಳು ಸೆಕೆಂಡು ಬರಿದಾಗಿತ್ತು. ವಾಲ್ವಿನ ಆಯಸ್ಸು ಮುಗಿಯಿತೇನೋ ಎಂದು ಅದನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ.

ಕೊಟ್ಟೂರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟಿರುವ ಪಂಚಾಕ್ಷರಪ್ಪ ಅಪ್ಪನ ಜೊತೆ ಇಪ್ಪತ್ತು ವರ್ಷ ಮೈಕ್ ಹೊತ್ತವರು. ಆ ಹಾರ್ನುಗಳ ಕೆಳಗೇ ಕಿವಿ ಕಳೆದುಕೊಂಡವರು.

“ಯಾರಲೇ ಅದು? ಪಾಲಾಕ್ಷನ ಮಗನಾ? ಜೋರಾಗಿ ಮಾತಾಡು, ನಾನೇನು ನಿನ್ನ ಮಾವನಲ್ಲ, ನಾಚಿಕೋಬ್ಯಾಡ.”

ಪೇಪರ್ ಬಿಚ್ಚಿ ಕೊಟ್ಟೆ. ಅದರ ಮೇಲಿನ ಅಕ್ಷರವನ್ನು ಕಣ್ಣ ಹತ್ತಿರ ಹಿಡಿದು ಓದಿದರು. ಹೊಟ್ಟೆ ಕುಣಿಯುವಂತೆ ನಕ್ಕರು.

“ಇದನ್ಯಾಕ ಇಟ್ಕೊಂಡಿದ್ನೋ ಪುಣ್ಯಾತ್ಮ!”

“ಪೂಜಿಗೆ ಹಾಕೋದಲ್ಲೇನ್ರಿ ಕಾಕಾ?”

“ಪೂಜಿಗಂತ! ಗಂಟಿ ಅಂದ್ರ ಕೆಟ್ಟ ವಾಲ್ವಲೇ. ಒಳಗಿನ ತಗಡು ಸಡ್ಲಾಗಿರ್ತಾವ. ಟೇಬಲ್ ಮ್ಯಾಲೆ ಲೋಟ ಕುಕ್ಕಿದ್ರ ಸಾಕು, ಗಂಟಿ ಹೊಡಿತೈತಿ. ಒಮ್ಮೆ ನಾಟಕಕ್ಕ ಹಾಕಿಬಿಟ್ಟಿದ್ವಿ. ಹೀರೋಯಿನ್ ಹೆಜ್ಜಿ ಇಟ್ಟಾಗೊಮ್ಮೆ ಠಿಣ್! ಬರೇ ಕಾಲಾಗ ಗೆಜ್ಜಿ ಎಲ್ಲಿಂದ ಬಂತಂತ ಜನ ಶಿಳ್ಳಿ ಹೊಡದ್ರು.”

ಮೂಲೆಯ ಹಳೆಯ ಆಂಪ್ಲಿಫೈಯರಿಗೆ ಅದನ್ನು ಚುಚ್ಚಿ, ಕಾದು, ಪಕ್ಕದ ಹಲಗೆಯನ್ನು ಪೆನ್ಸಿಲಿನಿಂದ ಬಡಿದರು. ಸ್ಪೀಕರಿನಲ್ಲಿ ನನ್ನ ಅಕ್ಕ ಒಂದು ಹೆಜ್ಜೆ ಇಟ್ಟಳು.

ಕಡಪಾ ಕಲ್ಲು. ಆಚೆ ಬದಿಗೆ ಅವ್ವನ ಅಂಗೈ, ಈಚೆ ಬದಿಗೆ ನನ್ನ ವಾಲ್ವ್. ನಾಲ್ಕು ಗಂಟೆ. ಅವ್ವ ಬಂದು ಕೇಳಲು ಕೂತಾಗ ರೊಟ್ಟಿ ಬಡಿಯುವವರು ಯಾರೂ ಇರಲಿಲ್ಲ. ಆಮೇಲಿನ ಮೂರು ದಿನವೂ ಇರಲಿಲ್ಲ.

ನನ್ನ ಮುಖ ನೋಡಿ ಪಂಚಾಕ್ಷರಪ್ಪ ನಗು ನಿಲ್ಲಿಸಿದರು. ಎಲ್ಲ ಹೇಳಿದೆ. ಸ್ವಿಚ್ ಆರಿಸಿ, ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು, ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಅವತ್ತು ಮೈಲಾರದಾಗ ನಾನೂ ಇದ್ನಿ. ರೆಕಾರ್ಡ್ ಆಗ್ಬೇಕಂದ್ರ ಎಲ್ಡು ಗುಂಡಿ ಕೂಡೇ ಒತ್ತಬೇಕಲಾ. ಇನ್ನೊಂದು ಕೈಯಾಗ ಮೈಕು. ಹುಡುಗಿ ಕೈ ಹಿಡಿಯಾಕ ನಿಮ್ಮಪ್ಪಗ ಮೂರನೇ ಕೈ ಎಲ್ಲೈತಿ?” ಅಂದರು. “ಒಂದು ಮಾತು ನನಗಷ್ಟ ಹೇಳಿದ್ದ. ಸದ್ದಲೇ ಅಂದ ಕೂಡ್ಲೆ ಬಗ್ಗಿ ನೋಡ್ಯಾನ, ಅಕಿ ಇದ್ದಿಲ್ಲ. ಆಗ್ಲೇ ಕೂಗಿದ್ರ ಕೂಸಿಗೆ ಕೇಳಸ್ತಿತ್ತು, ಅಷ್ಟು ಸುಮ್ಕಿತ್ತು ಎಲ್ಲಾ. ಕೂಗ್ಲಿಲ್ಲ. ಲಕ್ಷ ಮಂದಿ ಉಸಿರು ಹಿಡಕೊಂಡು ನಿಂತಾಗ ಯಾರು ಬಾಯಿ ತೆಗಿತಾರ? ಕಾರಣಿಕ ಮುಗಿಲಿ ಅಂತ ನಿಂತ. ಮುಗೀತು. ಮಂದಿ ಹೋ ಅಂತು. ಆಮ್ಯಾಲೆ ಕೂಗಿದ್ರ ಯಾರಿಗೆ ಕೇಳಸ್ಬೇಕು?”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಇಷ್ಟು ದಿನ ನಾನು ಕೇಳುತ್ತಿದ್ದ ಮೌನ ಲಕ್ಷ ಜನರದ್ದಲ್ಲ. ಅದು ಅಪ್ಪ ಒಬ್ಬರದು. ಹದಿನೇಳು ಸೆಕೆಂಡು. ಅದನ್ನು ಕ್ಯಾಸೆಟ್ಟಿನಲ್ಲಿಟ್ಟು, ಡಬ್ಬಿಯ ತಳಕ್ಕೆ ಹಾಕಿ, ಮೇಲೆ ವಾಲ್ವುಗಳನ್ನು ಹೇರಿ, ಬದುಕಿರುವ ತನಕ ಊರವರ ದನಿಯನ್ನೆಲ್ಲ ದೊಡ್ಡದು ಮಾಡಿದರು.

ಮನೆ ತಲುಪುವಾಗ ನಿಜ ಹೇಳಿಬಿಡಬೇಕೆಂದೇ ಇದ್ದೆ. ಗೆಜ್ಜೆ ಇಲ್ಲ ಅವ್ವಾ, ಅದು ನಿನ್ನ ರೊಟ್ಟಿಯ ಸದ್ದು. ಹೇಳಲು ಎರಡು ವಾಕ್ಯ ಸಾಕಿತ್ತು. ಆದರೆ ಅವ್ವ ನನ್ನ ಸ್ಟೂಲಿನ ಮೇಲೆ ಆಗಲೇ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು, ಒಗೆದ ಸೀರೆ ಉಟ್ಟಿದ್ದಳು, ಯಾರನ್ನೋ ನೋಡಲು ಹೊರಟವಳಂತೆ.

“ಇನ್ನೊಮ್ಮಿ ಹಾಕು. ಇವತ್ತು ಕೇಳಸ್ಲಿಲ್ಲಂದ್ರ ಮತ್ತ ಕೇಳಂಗಿಲ್ಲ ನಿನ್ನ.”

ಜೇಬಿನಿಂದ ‘ಗಂಟಿ’ ತೆಗೆದು ಸಾಕೆಟ್ಟಿಗೆ ಕೂರಿಸಿದೆ. ತಂತಿ ಕೆಂಪಗಾಯಿತು. ಹೆಡ್‌ಫೋನ್ ಅವಳ ಕಿವಿಗಿಟ್ಟು ಕ್ಯಾಸೆಟ್ ಹಾಕಿದೆ. ಅವಳು ಕಣ್ಣು ಮುಚ್ಚಿ ಎರಡೂ ಮೊಣಕೈಗಳನ್ನು ಕಲ್ಲಿಗೆ ಊರಿದಳು. ನಾನು ಅಡಿಗೆಮನೆಗೆ ಹೋದೆ.

ಗಡಿಯಾರ ನೋಡುತ್ತ ನಿಂತೆ. ಕಲ್ಲಿನ ಮೇಲೆ ಹಳೆಯ ಹಿಟ್ಟು ಚೆಲ್ಲಿತ್ತು. ಒಂದು ನಿಮಿಷ ನಲವತ್ತು. ಗೋಡೆಯಾಚೆ ಲಕ್ಷ ಜನ ಸುಮ್ಮನಾಗಿದ್ದರು.

ಅಂಗೈ ಎತ್ತಿದ ಮೇಲೆ ಗೊತ್ತಾಯಿತು, ಆರು ವರ್ಷದ ಹುಡುಗಿ ಹೇಗೆ ನಡೆಯುತ್ತಾಳೆಂದು ನನಗೆ ತಿಳಿಯದು. ಬರಬರುತ್ತ ಮೆಲ್ಲಗೆ ಬಡಿದರೆ ದೂರ ಹೋಗುತ್ತಾಳೆ. ಬರಬರುತ್ತ ಜೋರಾಗಿ ಬಡಿದರೆ ಹತ್ತಿರ ಬರುತ್ತಾಳೆ. ಮೂವತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲದ್ದು ನನ್ನ ಒಂದು ಕೈಯಲ್ಲಿತ್ತು. ಎರಡು ಸೆಕೆಂಡು ಹಾಗೇ ಹೋದವು. ಮೊದಲ ಏಟು ಕಲ್ಲಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಬಡಿದೆ. ಎರಡನೆಯದು ಅದಕ್ಕಿಂತ ಸ್ವಲ್ಪ ಜೋರು. ನಡುವೆ ಒಮ್ಮೆ ನಿಲ್ಲಿಸಿದೆ, ಮಕ್ಕಳು ಏನನ್ನೋ ನೋಡಲು ನಿಲ್ಲುತ್ತಾರಲ್ಲ, ಹಾಗೆ. ಮತ್ತೆ ಬಡಿದೆ. ಒಂಬತ್ತನೆಯ ಏಟಾದ ಮೇಲೆ ಧೈರ್ಯ ಸಾಲದೆ ಕೈ ತೆಗೆದೆ. ಗಡಿಯಾರದಲ್ಲಿ ಇನ್ನೂ ಐದು ಸೆಕೆಂಡು ಉಳಿದಿತ್ತು.

ಬಾಗಿಲಲ್ಲಿ ಬಂದು ನಿಂತೆ. ಅವ್ವ ಕಣ್ಣು ತೆರೆದಿರಲಿಲ್ಲ. ನನ್ನ ಕಡೆಗೆ ಒಂದು ಕೈ ಎತ್ತಿದಳು, ಸುಮ್ಮನಿರು ಎಂಬಂತೆ. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಒಮ್ಮೆ ಅದುರಿತು. ಅಪ್ಪ ಕೂಗಿದ್ದರು.

ಹೆಡ್‌ಫೋನ್ ತೆಗೆದಳು. ನನ್ನನ್ನು ಹತ್ತಿರ ಕರೆದು, ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅಂಗೈ ತುಂಬ ಹಿಟ್ಟು. ಸೆರಗಿನಿಂದ ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿದಳು.

“ಅವ್ವಾ...” ಅಂದೆ.

“ಒಂಬತ್ತು ಹೆಜ್ಜಿಗೆ ಕಲ್ಲು ಅಳ್ಳಾಡ್ತು,” ಅಂದಳು. “ಮೊಣಕೈಗೆ ಗೊತ್ತಾತು.”

ನಾನು ತಲೆ ತಗ್ಗಿಸಿದೆ.

“ಆಮ್ಯಾಲೆ ಮೂರು ಹೆಜ್ಜಿ ಇಟ್ಳು. ಅದಕ್ಕ ಕಲ್ಲು ಅಳ್ಳಾಡ್ಲಿಲ್ಲ.”

ನನ್ನ ಕೈ ಬಿಟ್ಟು ಎದ್ದಳು. ಬಾಗಿಲ ಹತ್ತಿರ ನಿಂತು, “ಗಂಗಾಧರಗ ಫೋನ್ ಮಾಡು, ರೊಟ್ಟಿ ಕಳಸ್ತೀನಿ ಅಂತ ಹೇಳು,” ಅಂದು ಒಳಗೆ ಹೋದಳು. ಗ್ಯಾಸ್ ಹೊತ್ತಿಕೊಂಡ ಸದ್ದು. ಡಬ್ಬಿಯ ಮುಚ್ಚಳದ ಸದ್ದು. ಆಮೇಲೆ ಅವಳ ಅಂಗೈ ಕಲ್ಲಿನ ಮೇಲೆ ಬೀಳತೊಡಗಿತು, ಎಂದಿನಂತೆ.

ವಾಲ್ವ್ ಇನ್ನೂ ಕೆಂಪಗೆ ಉರಿಯುತ್ತಿತ್ತು. ಹೆಡ್‌ಫೋನ್ ಕಲ್ಲಿನ ಮೇಲೆ ಮುಗುಚಿಬಿದ್ದಿತ್ತು. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ, ಆ ಹದಿನೇಳು ಸೆಕೆಂಡಿನ ಮೊದಲಿಗೆ ತಂದು ನಿಲ್ಲಿಸಿದೆ. ಹೆಡ್‌ಫೋನನ್ನು ಮಾತ್ರ ಮುಟ್ಟಲಿಲ್ಲ.